ಕುಶಲಿಗಳ ಬೆನ್ನಿಗೆ ನಿಂತ ಕಮಲಾದೇವಿ

ದಂಡಾವತಿಯ ದಡದಲ್ಲಿರುವ ಸೊರಬ ದೊಡ್ಡ ಊರೇನಲ್ಲ. ಆದರೂ ಒಂದು ಶತಮಾನಕ್ಕೂ ಹಿಂದೆಯೇ ಮೈಸೂರಿನ ಗೆಜೆಟಿಯರಿನಲ್ಲಿ ಅದಕ್ಕೆ ಗೌರವದ ಸ್ಥಾನ ದೊರಕಿತ್ತು. ಅದನ್ನು ದೊರಕಿಸಿಕೊಟ್ಟವರು ಅಲ್ಲಿಯ ಗುಡಿಗಾರರು. ಶ್ರೀಗಂಧದ ಪೆಟ್ಟಿಗೆಯ ಮೈಯಲ್ಲಿ ಎಳ್ಳಿನಷ್ಟು ಜಾಗವನ್ನೂ ಬರಿದಾಗಿ ಬಿಡದೆ ಬಳ್ಳಿ, ಎಲೆ, ಮೃಗ, ದೇವತೆಗಳನ್ನು ಹೆಣೆಯುವ ಅವರ ಕೈಚಳಕವನ್ನು ಬಿ. ಎಲ್. ರೈಸ್ ಅವರು ಮನದಣಿಯೆ ವರ್ಣಿಸಿದ್ದಾರೆ. ಅದರ ಜೊತೆಗೇ ಒಂದು ಕಹಿ ಸಂಗತಿಯನ್ನೂ ಅವರು ದಾಖಲಿಸಿದರು. ಒಂದೊಂದು ವಸ್ತುವಿಗೆ ತಿಂಗಳುಗಟ್ಟಲೆ ದುಡಿಯುವ ಈ ಕಲೆಗಾರರು ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಳ್ಳುತ್ತಾರೆಂಬ ಮಾತು ಆಗ ರೂಢಿಯಲ್ಲಿತ್ತು.

ಆ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಕಣ್ಣಿನ ಆಯುಷ್ಯ ಇಷ್ಟು ಮೊಟಕಾದ ಕಸುಬಿನಲ್ಲಿ ಮೊದಲ ಹತ್ತು ವರ್ಷಗಳೇ ಬಾಳಿನ ಬಂಡವಾಳ. ಆ ಹತ್ತು ವರ್ಷಗಳಲ್ಲಿ ತರುಣನಿಗೆ ಗಂಧದ ಕೊರಡು ಸಿಗದಿದ್ದರೆ, ಸಿಕ್ಕರೂ ಕೊಳ್ಳಲು ಹಣವಿಲ್ಲದಿದ್ದರೆ, ಕೊಂಡು ಕೆತ್ತಿದರೂ ಗಿರಾಕಿಯ ಮುಖ ಕಾಣದಿದ್ದರೆ, ಆತನ ಉಳಿ ಮೂಲೆ ಸೇರುತ್ತದೆ. ಮುಂದೆ ಯಾರು ಎಷ್ಟು ಶಾಲು ಹೊದಿಸಿದರೂ ಆ ಕೈ ಮರಳುವುದಿಲ್ಲ. ಕುಶಲಕರ್ಮಿಗೆ ಬೇಕಾದದ್ದು ಮೆಚ್ಚುಗೆಗಿಂತ ಮೊದಲು ವ್ಯವಹಾರದ ಆಸರೆ ಎಂಬ ಈ ಸತ್ಯವನ್ನು ನಮ್ಮ ದೇಶದಲ್ಲಿ ಮನಗಂಡು, ಅದಕ್ಕಾಗಿ ಸಂಸ್ಥೆಗಳನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅಗ್ರಗಣ್ಯರು ಕನ್ನಡ ಕರಾವಳಿಯ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು.

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ಉನ್ನತಾಧಿಕಾರಿಗಳು. ತಾಯಿ ಗಿರಿಜಾಬಾಯಿ ವಿದ್ಯಾವಂತೆ, ಸ್ವತಂತ್ರ ಮನೋಭಾವದವರು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಮರಣಶಾಸನ ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಬಾಳಿ ಬದುಕಿದ ಮನೆಯಲ್ಲಿ ತಾಯಿಗೆ ಹಕ್ಕಿಲ್ಲದಂತಾಯಿತು. ಕೊಡಲು ಬಂದ ಮಾಸಾಶನವನ್ನು ಗಿರಿಜಾಬಾಯಿ ಒಲ್ಲದೆ, ತವರಿನಿಂದ ಬಂದುದರಲ್ಲೇ ಸಂಸಾರ ತೂಗಿಸಿದರು. ಕರುಣೆಯ ಕಾಸಿಗೂ ಹಕ್ಕಿನ ಕಾಸಿಗೂ ಇರುವ ಅಂತರ ಹುಡುಗಿಗೆ ಅಂದೇ ತಿಳಿದಿರಬೇಕು. ಮುಂದೆ ಅವರು ಕುಶಲಕರ್ಮಿಗಳಿಗಾಗಿ ಮಾಡಿದ ಕೆಲಸದಲ್ಲೆಲ್ಲ ಈ ಅಂತರದ ಅರಿವು ಎದ್ದು ಕಾಣುತ್ತದೆ.

ಹದಿನಾಲ್ಕರಲ್ಲಿ ಮದುವೆ, ಹದಿನಾರರ ಹೊತ್ತಿಗೆ ವೈಧವ್ಯ. ಅಂದಿನ ಸಮಾಜ ವಿಧವೆಗೆ ಗೊತ್ತುಮಾಡಿದ್ದ ಕತ್ತಲ ಕೋಣೆಯನ್ನು ಕಮಲಾದೇವಿ ಹೊಗಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದಿದರು. ಸರೋಜಿನೀ ನಾಯಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಕುಲೀನ ಹೆಂಗಸರು ರಂಗವನ್ನು ಏರಬಾರದೆಂಬ ಕಾಲದಲ್ಲಿ ನಾಟಕಗಳಲ್ಲಿ ಅಭಿನಯಿಸಿದರು. 1931ರಲ್ಲಿ ಕನ್ನಡ ನಾಡಿನ ಮೂಕಚಿತ್ರ ಮೃಚ್ಛಕಟಿಕದಲ್ಲಿಯೂ ಪಾತ್ರ ವಹಿಸಿದರು. ಆ ದಾಂಪತ್ಯ ಕೊನೆಯವರೆಗೆ ಉಳಿಯಲಿಲ್ಲ. ಕಮಲಾದೇವಿಯವರು ವಿಚ್ಛೇದನ ಪಡೆದು ತಮ್ಮ ದಾರಿ ಹಿಡಿದರು.

ಆ ದಾರಿ ರಾಷ್ಟ್ರದ ಹೆದ್ದಾರಿಯೇ ಆಗಿತ್ತು. 1926ರಲ್ಲಿ ಮದರಾಸು ಶಾಸನ ಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. ಮರುವರ್ಷ ಹುಟ್ಟಿದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನೆಯ ಹೊಣೆ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು ಗಾಂಧೀಜಿಯವರ ಮುಂದೆ ವಾದಿಸಿ ಅವರನ್ನು ಒಪ್ಪಿಸಿದರು. ಮುಂಬಯಿಯ ಕಡಲ ತೀರದಲ್ಲಿ ಕಾನೂನು ಮುರಿದು ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿ ನಗರದ ಷೇರುಪೇಟೆಯೊಳಗೇ ನುಗ್ಗಿ ಮಾರಿದರು, ಸೆರೆಮನೆ ಸೇರಿದರು. ಮಾರಾಟವೆಂಬುದು ಲಾಭಕೋರನ ಕೆಲಸವೇ ಆಗಬೇಕಿಲ್ಲ, ಸ್ವಾಭಿಮಾನದ ಕೆಲಸವೂ ಆಗಬಲ್ಲುದೆಂಬುದಕ್ಕೆ ಆ ಪೊಟ್ಟಣಗಳಿಗಿಂತ ಬೇರೆ ಸಾಕ್ಷಿ ಬೇಕೆ?

ಸ್ವಾತಂತ್ರ್ಯ ಬಂದಾಗ ಅವರ ಒಡನಾಡಿಗಳಲ್ಲಿ ಅನೇಕರು ಅಧಿಕಾರದ ಪೀಠಗಳನ್ನು ಏರಿದರು. ಕಮಲಾದೇವಿಯವರು ನಡೆದದ್ದು ನಿರಾಶ್ರಿತರ ಬಿಡಾರಗಳ ಕಡೆಗೆ. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ವಾಯವ್ಯ ಗಡಿನಾಡಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದಿದ್ದ ಸುಮಾರು ಐವತ್ತು ಸಾವಿರ ಜನಕ್ಕೆ ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ನೆಲೆ ಕಲ್ಪಿಸುವ ಕಾರ್ಯದಲ್ಲಿ ಈ ಒಕ್ಕೂಟ ಕೈಗೂಡಿಸಿತು. ನಿರಾಶ್ರಿತರಿಗೆ ಅನ್ನ ಹಂಚುತ್ತಿರುವ ಬದಲು ಅವರ ಕೈಯಲ್ಲೇ ಅವರ ಮನೆಗಳನ್ನು ಕಟ್ಟಿಸಿ, ಕೂಲಿ ಕೊಟ್ಟು, ಕಸುಬು ಕಲಿಸುವ ಪದ್ಧತಿ ಅಲ್ಲಿ ರೂಢಿಗೆ ಬಂತು.

ಈ ಅನುಭವದಿಂದಲೇ ಕರಕುಶಲ ಕಲೆಗಳ ಕೆಲಸಕ್ಕೆ ಅವರು ಕೈಹಚ್ಚಿದರು. 1952ರಲ್ಲಿ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಸ್ಥಾಪಿಸಿದಾಗ ಅದರ ಅಧ್ಯಕ್ಷತೆ ಅವರಿಗೆ ಬಂತು. ದೆಹಲಿಯಲ್ಲಿ 1948ರಿಂದ ಸರ್ಕಾರವೇ ನಡೆಸುತ್ತಿದ್ದ ಗೃಹಕೈಗಾರಿಕೆಗಳ ಮಾರಾಟ ಮಳಿಗೆಯ ಆಡಳಿತವೂ ಅದೇ 1952ರಲ್ಲಿ ಸಹಕಾರ ಒಕ್ಕೂಟದ ಪಾಲಿಗೆ ಬಂತು. ಒಂದು ಕೈಯಲ್ಲಿ ಮಂಡಳಿ, ಇನ್ನೊಂದು ಕೈಯಲ್ಲಿ ಅಂಗಡಿ. ಒಂದು ಕಡೆ ಮಾಡುವವನ ಕಷ್ಟ, ಇನ್ನೊಂದು ಕಡೆ ಕೊಳ್ಳುವವನ ಅಪೇಕ್ಷೆ. ಇವೆರಡನ್ನೂ ಒಟ್ಟಿಗೆ ಬಲ್ಲವರು ಅಪರೂಪ.

ಉಳಿಗೂ ಗಿರಾಕಿಗೂ ನಡುವೆ ನಿಂತವರು ಯಾರು? ಕಚ್ಚಾ ಮಾಲು ಕೊಡುವವನು, ಸಾಲ ಕೊಡುವವನು, ದಲ್ಲಾಳಿ. ಹಲವು ವೇಳೆ ಈ ಮೂವರೂ ಒಬ್ಬನೇ. ಮರ ಅವನದು, ಮುಂಗಡ ಅವನದು, ಆದುದರಿಂದ ಬೆಲೆ ಕಟ್ಟುವ ಮಾತೂ ಅವನದೇ. ಮಾರಿದ ಮೇಲೆ ಹಣವೆಂಬ ಕರಾರಾದರೆ, ಹೊಸದಾಗಿ ಕಸುಬಿಗಿಳಿದವನ ಇದ್ದಬದ್ದ ಬಂಡವಾಳವೆಲ್ಲ ಯಾರದೋ ಅಂಗಡಿಯ ಗಾಜಿನ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಇದನ್ನು ಬಿಡಿಸುವುದಕ್ಕೆ ಒಂದು ದಾನ, ಒಂದು ಪ್ರದರ್ಶನ ಸಾಲದು. ಕಲಿಯುವಾಗ ಹೊಟ್ಟೆಗೆ ವೇತನ, ಕಲಿತ ಮೇಲೆ ಮಾಲು, ಮಾಲಿಗೆ ಸಾಲ, ವಸ್ತುವಿಗೆ ಗುಣದ ಕಟ್ಟುನಿಟ್ಟು, ಕೊನೆಗೆ ನೆಚ್ಚಬಹುದಾದ ಅಂಗಡಿ—ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದುವು ವ್ಯರ್ಥ.

ಮಂಡಳಿಯ ಕೆಲಸ ಈ ಕೊಂಡಿಗಳನ್ನು ಜೋಡಿಸುವುದಾಗಿತ್ತು. ಬೆಂಗಳೂರು, ದೆಹಲಿ, ಮುಂಬಯಿ, ಕಲ್ಕತ್ತೆಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದುವು. ಅಳಿವಿನಂಚಿಗೆ ಬಂದಿದ್ದ ಶ್ರೀಕಾಳಹಸ್ತಿಯ ಕಲಂಕಾರಿಗೆ 1950ರ ದಶಕದ ಕೊನೆಯ ಭಾಗದಲ್ಲಿ ತರಬೇತಿ ಕೇಂದ್ರ ಏರ್ಪಟ್ಟು, ಬೆರಳೆಣಿಕೆಯಷ್ಟು ಉಳಿದಿದ್ದ ಹಿರಿಯರ ವಿದ್ಯೆ ತರುಣರ ಕೈಗೆ ದಾಟಿತು. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತು ಮದರಾಸಿನಲ್ಲಿ ಹುಟ್ಟಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ರೂಪುಗೊಂಡಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿಗಳು ಸಲ್ಲತೊಡಗಿದುವು. ನಮ್ಮ ರಾಜ್ಯದಲ್ಲಿಯೂ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪಿತವಾಗಿ, ಮುಂದೆ ಅದರ ಕಾವೇರಿ ಮಳಿಗೆಗಳು ಮಲೆನಾಡಿನ ಗಂಧದ ಕೆತ್ತನೆಗೆ ದೂರದೂರದ ಗಿರಾಕಿಗಳನ್ನು ತಂದುವು.

ಕಮಲಾದೇವಿಯವರ ಸಾಧನೆಗೆ ಕೊರತೆಗಳಿರಲಿಲ್ಲವೆಂದಲ್ಲ. ನಗರದ ಮಳಿಗೆಯನ್ನು ನೆಚ್ಚಿದ ಕಲೆ ನಗರದವರ ರುಚಿಗೆ ಬಾಗಿತು. ಮನೆಬಳಕೆಯ ವಸ್ತು ದಿವಾನಖಾನೆಯ ಅಲಂಕಾರವಾಯಿತು. ಪ್ರಶಸ್ತಿಯು ಬಹುಮಟ್ಟಿಗೆ ನುರಿತ ಹಿರಿಯರನ್ನು ಹುಡುಕಿಕೊಂಡು ಹೋಯಿತು. ನಿನ್ನೆ ಉಳಿ ಹಿಡಿದ ಹುಡುಗನಿಗೆ ಅದರಿಂದ ಹೊಟ್ಟೆ ತುಂಬಲಿಲ್ಲ. ಸರ್ಕಾರ ಕಟ್ಟಿದ ಸಂಸ್ಥೆಗೆ ಕಡತದ ಜಡತೆ ಅಂಟಿಕೊಳ್ಳುವುದೂ ಉಂಟು. ಆದರೆ ಈ ಟೀಕೆಗಳಲ್ಲಿ ಒಂದೂ ಅವರ ಮೂಲ ತಿಳಿವಳಿಕೆಯನ್ನು ಸುಳ್ಳಾಗಿಸುವುದಿಲ್ಲ. ಸರಪಳಿ ಸರಿಯೆಂಬುದನ್ನೂ ಅದರ ಮೊದಲ ಕೊಂಡಿ ಇನ್ನೂ ಸಡಿಲವೆಂಬುದನ್ನೂ ಅವು ತೋರಿಸುತ್ತವೆ.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದುವು. 1986ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು, ಎಂಬತ್ತೈದರ ಹಣ್ಣು ವಯಸ್ಸಿನಲ್ಲಿ, ಮುಂಬಯಿಯಲ್ಲಿ ಅವರ ಜೀವಯಾತ್ರೆ ಮುಗಿಯಿತು.

ಮತ್ತೆ ಸೊರಬಕ್ಕೆ ಬರೋಣ. ನೆರೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಿಂದ ದಾಸೋಜನೂ ಆತನ ಮಗ ಚಾವಣನೂ ಹನ್ನೆರಡನೆಯ ಶತಮಾನದಲ್ಲಿ ಬೇಲೂರಿಗೆ ಹೋಗಿ ಶಿಲೆಯಲ್ಲಿ ತಮ್ಮ ಹೆಸರು ಉಳಿಸಿದರು. ತಂದೆಯ ಜೊತೆ ಮಗನಿಗೂ ಕೆಲಸ ಕೊಡುವ ಅರಸೊತ್ತಿಗೆ ಅಂದಿತ್ತು. ಇಂದಿನ ಗುಡಿಗಾರ ತರುಣನಿಗೆ ಗಂಧದ ಮರ ದುಬಾರಿ. ಬಹುಕಾಲ ಸರ್ಕಾರದ ಸ್ವತ್ತಾಗಿದ್ದ ಗಂಧವನ್ನು ಬೆಳೆದವನ ಸ್ವತ್ತೆಂದು 2001ರಲ್ಲಿ ಕಾನೂನು ಒಪ್ಪಿದರೂ ಕೆತ್ತುವವನ ಕೈಗೆ ಅದು ಅಗ್ಗವಾಗಿ ಬಂದಿಲ್ಲ. ಅನೇಕರು ಶಿವನಿ ಮರದಲ್ಲಿ ಕೈ ಪಳಗಿಸುತ್ತಾರೆ. ಮದುವೆಯ ಕಾಲದಲ್ಲಿ ಬೆಂಡಿನ ಬಾಸಿಂಗ ಕಟ್ಟುತ್ತಾರೆ. ಅಂಥ ತರುಣನೊಬ್ಬ ಕೆತ್ತಿದ ಮೊದಲ ಗಣಪತಿಯ ಮುಂದೆ ನಿಂತು ನಾವು ಎಷ್ಟು ಚೆನ್ನಾಗಿದೆ ಎಂದು ತಲೆದೂಗಿ ಮುಂದೆ ನಡೆಯುವುದು ಸುಲಭ. ಹೇಳಿದ ಬೆಲೆಗೆ ಅದನ್ನು ಕೊಂಡು, ಇನ್ನೊಂದಕ್ಕೆ ಮುಂಗಡ ಕೊಟ್ಟು ಬಂದರೆ, ಕಮಲಾದೇವಿಯವರ ನೆನಪಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಒಂದು ಕಂತು ತೀರಿತೆಂದು ತಿಳಿಯಬಹುದು.