ಕೊರತೆಯೊಡನೆಯೇ ಒಪ್ಪಿಸಿದ ಕಾಣಿಕೆ: ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್

ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಈ ನಾಡಿನಲ್ಲಿ ನಮಗಿಂತ ಮುಂಚೆ ದುಡಿದು ಹೋದ ಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಹಾಗೆ ನೆನೆಯತಕ್ಕವರು ಕಥೋಲಿಕ ಸಭೆಯವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಇತರ ಕ್ರೈಸ್ತ ಸಭೆಗಳ ಸಹೋದರರಲ್ಲಿ ಕಂಡುಬರುವ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ನಮಗೆ ಬೋಧಿಸಿದೆ. ಆದುದರಿಂದ ಹುಬ್ಬಳ್ಳಿ-ಧಾರವಾಡದ ಮಣ್ಣಿಗೆ ನಿಕಟವಾಗಿದ್ದ ಬಾಸೆಲ್ ಮಿಶನ್ನಿನ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರ ಬಾಳನ್ನು ಇಲ್ಲಿ ಸ್ಮರಿಸಲು ಇಚ್ಛಿಸುತ್ತೇವೆ. ಅವರನ್ನು ನಿಘಂಟುಕಾರರೆಂದು ಎಲ್ಲರೂ ಬಲ್ಲರು. ಆದರೆ ಅವರ ಬಾಳಿನಲ್ಲಿ ನಮ್ಮ ಆತ್ಮಜೀವನಕ್ಕೆ ಉಪಯುಕ್ತವಾದ ಒಂದು ಪಾಠವೂ ಅಡಗಿದೆ.

ನಮ್ಮ ನಡುವೆ ಒಂದು ಬಗೆಯ ವ್ಯಾಧಿಯಿದೆ. ಅದು ಸದ್ಗುಣದ ವೇಷ ತೊಟ್ಟು ಬರುವುದರಿಂದ ಅದನ್ನು ಗುರುತಿಸುವುದು ಸುಲಭವಲ್ಲ. ಉಚ್ಚಾರಣೆ ತಪ್ಪೀತೆಂದು ಅಂಜಿ ಬಲಿಪೂಜೆಯಲ್ಲಿ ವಾಚನ ಓದಲು ಮುಂದೆ ಬಾರದ ಯುವಕ. ಕಂಠ ಸಾಲದೆಂದು ಗಾಯನವೃಂದದಿಂದ ದೂರ ಉಳಿಯುವ ತಾಯಿ. ತೊಂಬತ್ತೈದು ಅಂಕ ತಂದ ಮಗನಿಗೆ ಉಳಿದ ಐದು ಎಲ್ಲಿ ಹೋಯಿತೆಂದು ಕೇಳುವ ತಂದೆ. ಕ್ಷಮೆ ಹೊಂದಿದ ಪಾಪವನ್ನೇ ಪುನಃ ಪುನಃ ನಿವೇದಿಸಿಕೊಂಡು ಶಾಂತಿ ಕಾಣದ ವೃದ್ಧ - ಇವರೆಲ್ಲರನ್ನೂ ನಾವು ಬಲ್ಲೆವು. ಇವರಾರೂ ಕೆಟ್ಟವರಲ್ಲ. ಒಳ್ಳೆಯವರಾಗಬೇಕೆಂಬ ಹಂಬಲವೇ ಇವರನ್ನು ಕಾಡುತ್ತಿದೆ. ಬೆಳೆಯಬೇಕೆಂಬ ಆಸೆ ದೇವರ ವರ. ಒಂದು ಚುಕ್ಕೆಯಷ್ಟು ದೋಷವೂ ಇರಕೂಡದೆಂಬ ಹಟ ದೇವರದಲ್ಲ. ಇವೆರಡರ ನಡುವಣ ಅಂತರವನ್ನು ಕಿಟ್ಟೆಲ್ಲರ ಬಾಳು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಕಿಟ್ಟೆಲ್ಲರು ಜರ್ಮನಿಯ ವಾಯವ್ಯ ಭಾಗದ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ 1832ರ ಏಪ್ರಿಲ್ ತಿಂಗಳಲ್ಲಿ ಹುಟ್ಟಿದರು. ತಂದೆ ಪ್ರಾಟೆಸ್ಟಂಟ್ ಸಭೆಯ ಬೋಧಕರು. ಅದೇ 1832ರಲ್ಲಿ, ಸಾವಿರಾರು ಮೈಲಿಗಳ ದೂರದ ಈ ದೇಶದಲ್ಲಿ, ವಿಲಿಯಂ ರೀವ್ ಎಂಬ ಮಿಶನರಿಯ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಅಂದು ಹುಟ್ಟಿದ ಕೂಸು ಮುಂದೊಂದು ದಿನ ಆ ಕೆಲಸವನ್ನು ಬಹು ದೂರ ಮುಂದಕ್ಕೆ ಒಯ್ಯಲಿದೆಯೆಂದು ಯಾರು ತಾನೆ ಊಹಿಸಿಯಾರು? 1850ರಲ್ಲಿ ಕಿಟ್ಟೆಲ್ಲರು ಬಾಸೆಲ್ ಮಿಶನ್ನನ್ನು ಸೇರಿ ತರಬೇತಿ ಪಡೆದರು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದರು.

ಅಷ್ಟರಲ್ಲಿ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದ್ದರು. ಈ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಮೇಲುಗೈ. ಕನ್ನಡವು ಹೊಲದಲ್ಲಿ, ಸಂತೆಯಲ್ಲಿ, ಮಠದಲ್ಲಿ, ಮನೆಯಲ್ಲಿ ಉಳಿದುಕೊಂಡಿತ್ತು. ಧಾರವಾಡಕ್ಕೆ ಬಂದ ತರುಣ ಕಿಟ್ಟೆಲ್ಲರು ಆ ಕನ್ನಡವನ್ನೇ ಹಿಡಿದು ಹೊರಟರು. ಪರಭಾಷೆಯನ್ನು ಕಲಿಯುವವನು ತಪ್ಪು ಮಾಡದೆ ಕಲಿಯಲಾರ. ತಪ್ಪಿಗೆ ನಾಚಿ ಬಾಯಿ ಮುಚ್ಚಿಕೊಂಡವನಿಗೆ ಭಾಷೆ ಒಲಿಯದು. ಹಿಬ್ರೂ, ಗ್ರೀಕ್, ಲತೀನ್ ಭಾಷೆಗಳನ್ನು ಓದಿ ಬಂದಿದ್ದ ಆ ವಿದ್ಯಾವಂತರು ಇಲ್ಲಿ ಮಗುವಿನಂತೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅವರು ಹಾಗೆ ಆರಂಭಿಸಲು ಹಿಂಜರಿಯಲಿಲ್ಲ.

ಅವರ ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಮಿಶನ್ನಿನ ಹಿರಿಯರಿಗೂ ಅವರಿಗೂ ಎಲ್ಲ ವಿಷಯಗಳಲ್ಲಿ ಹೊಂದಾಣಿಕೆಯಾಗಲಿಲ್ಲ. ಧಾರವಾಡ, ಮಂಗಳೂರು, ಕೊಡಗು ಎಂದು ನಾನಾ ಕಡೆ ಅವರು ಕಾಲ ಕಳೆಯಬೇಕಾಯಿತು. ಬಹು ಜನರನ್ನು ಸೆಳೆದ ಧರ್ಮಪ್ರಚಾರಕರೆಂಬ ಹೆಸರು ಅವರಿಗೆ ಬರಲಿಲ್ಲ. 1860ರಲ್ಲಿ ಪೌಲೀನಾ ಎಂಬಾಕೆಯನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ತಾನು ಯಾವ ಕೆಲಸಕ್ಕೆಂದು ಮನೆಮಾರು ತೊರೆದು ಬಂದೆನೋ ಅದೇ ಕೈಗೂಡಲಿಲ್ಲವೆಂದು ಕೈಚೆಲ್ಲಿ ಕುಳಿತುಕೊಳ್ಳಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಕಿಟ್ಟೆಲ್ಲರು ಕೈಚೆಲ್ಲಲಿಲ್ಲ. ತಮ್ಮಲ್ಲಿ ಇಲ್ಲದ ವರವನ್ನು ನೆನೆದು ಕೊರಗದೆ, ಇದ್ದ ವರವನ್ನು ದುಡಿಸಿದರು.

1862ರಲ್ಲಿ ಅವರ ಕಥಾಮಾಲೆ ಪ್ರಕಟವಾಯಿತು. ಅದು ಪ್ರಭು ಯೇಸುಕ್ರಿಸ್ತರ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ಹೇಳುವ ಕೃತಿ. ಕನ್ನಡವನ್ನು ಕಲಿಯಲು ತೊಡಗಿ ಹತ್ತು ವರ್ಷ ತುಂಬುವ ಮೊದಲೇ ಪರದೇಶದವರೊಬ್ಬರು ಕನ್ನಡ ಪದ್ಯಕ್ಕೆ ಕೈಹಾಕಿದರೆಂದರೆ ಅದೆಂತಹ ಧೈರ್ಯ! ಪಂಪ-ಕುಮಾರವ್ಯಾಸರ ನಾಡಿನಲ್ಲಿ ತನ್ನ ಪದ್ಯಕ್ಕೆ ಎಂತಹ ಸ್ಥಾನ ಸಿಕ್ಕೀತೆಂದು ಲೆಕ್ಕಹಾಕುತ್ತ ಕುಳಿತಿದ್ದರೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಮುಂದೆ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಲಿಂಗಾಯತರ ಪುರಾಣಕಥೆಗಳನ್ನು ಕುರಿತು ಲೇಖನಗಳನ್ನು ಬರೆದರು. ಒಂದೊಂದು ಕೆಲಸವೂ ಮುಂದಿನದಕ್ಕೆ ಮೆಟ್ಟಿಲಾಯಿತು.

ಎಲ್ಲಕ್ಕೂ ಮಿಗಿಲಾದುದು ಕನ್ನಡ-ಇಂಗ್ಲಿಷ್ ನಿಘಂಟು. ಅದು ಸುಮಾರು ಎರಡು ದಶಕಗಳ ತಪಸ್ಸು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದ ಗ್ರಂಥಗಳಿಂದ ಶಬ್ದಗಳನ್ನು ಆಯ್ದುದಲ್ಲದೆ, ಜನರ ಬಾಯಲ್ಲಿದ್ದ ಮಾತುಗಳನ್ನೂ ಗಾದೆಗಳನ್ನೂ ಕಲೆಹಾಕಿದರು. ಮೈಸೂರು ಸೀಮೆಯ ಪ್ರಯೋಗ ಯಾವುದು, ನಮ್ಮ ಧಾರವಾಡ ಕಡೆಯ ಪ್ರಯೋಗ ಯಾವುದು ಎಂಬುದನ್ನು ಸಂಕೇತಾಕ್ಷರಗಳಿಂದ ಗುರುತಿಸಿದರು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಮಾನ ಶಬ್ದಗಳನ್ನು ಜೊತೆಗಿಟ್ಟು ತೋರಿಸಿದರು. ಈ ಕಾರ್ಯದಲ್ಲಿ ಕನ್ನಡ ಪಂಡಿತರ ನೆರವನ್ನು ಪಡೆದರು. ಎಲ್ಲವನ್ನೂ ತಾನೊಬ್ಬನೇ ಬಲ್ಲೆನೆಂಬ ಅಹಂಕಾರವಿದ್ದವನು ಮತ್ತೊಬ್ಬನ ಬಾಗಿಲಿಗೆ ಹೋಗಿ ಶಬ್ದದ ಅರ್ಥ ಕೇಳಲಾರನಷ್ಟೆ.

ಈ ನಡುವೆ 1877ರಲ್ಲಿ ಅವರು ಜರ್ಮನಿಗೆ ಮರಳಬೇಕಾಯಿತು. ಕೆಲಸ ಇನ್ನೂ ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಕನ್ನಡನಾಡಿಗೆ ಬಂದರು. ನಿಘಂಟಿನ ಕೆಲಸವನ್ನು ದಡ ಮುಟ್ಟಿಸಿ 1892ರಲ್ಲಿ ಜರ್ಮನಿಗೆ ಹಿಂದಿರುಗಿ ಟ್ಯೂಬಿಂಗನ್ ನಗರದಲ್ಲಿ ನೆಲಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಆ ಮಹಾಗ್ರಂಥ ಹೊರಬಂತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು!

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಯಾವ ನಿಘಂಟೂ ಪೂರ್ಣವಾಗಲಾರದು. ಜೀವಂತ ಭಾಷೆಯಲ್ಲಿ ದಿನಬೆಳಗಾದರೆ ಹೊಸ ಮಾತು ಹುಟ್ಟುತ್ತದೆ. ಒಂದೂರಿನ ಮಾತು ಇನ್ನೊಂದೂರಿಗೆ ಗೊತ್ತಿರುವುದಿಲ್ಲ. ಆ ಕಾಲದಲ್ಲಿ ನೂರಾರು ಹಳೆಯ ಕಾವ್ಯಗಳು ಇನ್ನೂ ತಾಳೆಗರಿಯಲ್ಲಿಯೇ ಇದ್ದವು. ಎಲ್ಲ ಶಬ್ದಗಳೂ ಕೈಗೆ ಬರಲಿ, ಆಮೇಲೆ ಅಚ್ಚಿಗೆ ಕೊಡೋಣವೆಂದು ಕಿಟ್ಟೆಲ್ಲರು ಕಾದಿದ್ದರೆ ಹಸ್ತಪ್ರತಿಯೊಡನೆ ಅವರೂ ಮಣ್ಣಾಗುತ್ತಿದ್ದರು. ಹಾಗೆಂದು ಹೇಗಾದರೂ ಮುಗಿದರೆ ಸಾಕೆಂದು ಅವರು ಅವಸರಪಟ್ಟವರೂ ಅಲ್ಲ. ಅವಸರದವನು ಇಪ್ಪತ್ತು ವರ್ಷ ತೊಡಗುವುದಿಲ್ಲ. ತನ್ನಿಂದಾಗುವಷ್ಟನ್ನು ನಿಷ್ಠೆಯಿಂದ ಮಾಡಿ, ಆಗದೆ ಉಳಿದುದನ್ನು ಉಳಿದಿದೆಯೆಂದು ಒಪ್ಪಿಕೊಂಡು, ಮಾಡಿದ್ದನ್ನು ಜನರ ಕೈಗೆ ಒಪ್ಪಿಸುವುದು - ಇದೇ ಅವರು ತುಳಿದ ನಡುದಾರಿ.

ಅವರು ಉಳಿಸಿಹೋದ ಕೊರತೆಯನ್ನು ಕಾಲವೇ ತುಂಬಿಕೊಟ್ಟಿತು. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಬೆಳೆಯಿತು. ರೀವ್ ಮಾಡಿದ್ದರ ಮೇಲೆ ಕಿಟ್ಟೆಲ್, ಕಿಟ್ಟೆಲ್ ಮಾಡಿದ್ದರ ಮೇಲೆ ನಂತರದವರು. ತನ್ನ ಕೆಲಸವೇ ಕೊನೆಯ ಮಾತಾಗಬೇಕೆಂದು ಬಯಸುವವನು ಮುಂದಿನವರಿಗೆ ಜಾಗ ಬಿಡುವುದಿಲ್ಲ. ಕೊರತೆಯನ್ನು ಸಹಿಸಿಕೊಂಡವನು ಮುಂದಿನ ಪೀಳಿಗೆಗೂ ಕೆಲಸ ಕೊಟ್ಟು ಹೋಗುತ್ತಾನೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಆ ಮನ್ನಣೆ ದೊರೆತ ಬಳಿಕವೂ ಅವರು ಕಲಿಕೆಯನ್ನು ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗನ್ನಿನಲ್ಲಿ ದೇವರ ಸನ್ನಿಧಿಯನ್ನು ಸೇರಿದರು. ಧಾರವಾಡದ ಕಿಟ್ಟೆಲ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಪರಲೋಕದ ತಂದೆಯಂತೆ ನಾವೂ ಪರಿಪೂರ್ಣರಾಗಬೇಕೆಂದು ಪ್ರಭುವೇ ಬೋಧಿಸಿರುವಾಗ ಕೊರತೆಯನ್ನು ಸಹಿಸುವುದು ಸರಿಯೆ ಎಂದು ಕೆಲವರು ಕೇಳಬಹುದು. ಆದರೆ ಆ ಬೋಧನೆ ಪರ್ವತಪ್ರಸಂಗದಲ್ಲಿ ಯಾವ ಸಂದರ್ಭದಲ್ಲಿ ಬಂದಿದೆಯೆಂಬುದನ್ನು ಗಮನಿಸಬೇಕು. ಶತ್ರುಗಳನ್ನು ಪ್ರೀತಿಸುವ ವಿಷಯ ಅಲ್ಲಿಯದು. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬಿಸಿಲು-ಮಳೆ ಸುರಿಸುವ ತಂದೆಯ ಉದಾರತೆ ಅಲ್ಲಿಯ ಮಾದರಿ. ಮೂಲ ಗ್ರೀಕ್ ಶಬ್ದಕ್ಕೆ ಗುರಿ ಮುಟ್ಟಿದ, ಪಕ್ವವಾದ ಎಂಬ ಅರ್ಥಗಳೂ ಉಂಟು. ಪ್ರಭುವು ನಮ್ಮಿಂದ ಬಯಸುವುದು ಪ್ರೀತಿ ಮಾಗುವುದನ್ನು. ಕಲೆಯಿಲ್ಲದ ಕನ್ನಡಿಯಂತೆ ಹೊಳೆಯುವುದನ್ನಲ್ಲ. ತಲೆಂತುಗಳ ಸಾಮತಿಯಲ್ಲಿ ಶಿಕ್ಷೆಗೆ ಗುರಿಯಾದವನು ವ್ಯಾಪಾರದಲ್ಲಿ ನಷ್ಟ ಮಾಡಿಕೊಂಡವನಲ್ಲ. ಯಜಮಾನನಿಗೆ ಹೆದರಿ ತಲೆಂತನ್ನು ನೆಲದಲ್ಲಿ ಹೂತಿಟ್ಟವನು.

ನಮ್ಮ ಸಂತರೂ ಈ ಹಾದಿಯಲ್ಲಿ ಎಡವಿಯೇ ಕಲಿತವರು. ಸಂತ ಇಗ್ನೇಷಿಯಸರು 1522ರಲ್ಲಿ ಮನ್ರೇಸಾದಲ್ಲಿದ್ದಾಗ, ಹಿಂದಿನ ಪಾಪಗಳನ್ನು ಸಂಪೂರ್ಣವಾಗಿ ನಿವೇದಿಸಿಕೊಂಡಿಲ್ಲವೆಂಬ ಶಂಕೆಯಿಂದ ಬಹಳ ನರಳಿದರು. ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದನ್ನು ನಿಲ್ಲಿಸಿದ ಮೇಲೆಯೇ ಆ ಶಂಕೆಯಿಂದ ಬಿಡುಗಡೆ ಕಂಡರು. ಜಿನೀವಾದ ಬಿಷಪರಾಗಿದ್ದ ಸಂತ ಫ್ರಾನ್ಸಿಸ್ ದ ಸಾಲ್ಸರು (1567-1622) ಇತರರೊಡನೆ ಇರಬೇಕಾದಷ್ಟೇ ತಾಳ್ಮೆ ತನ್ನೊಡನೆಯೂ ಇರಬೇಕೆಂದು ಭಕ್ತರಿಗೆ ಬೋಧಿಸಿದರು. ತಪ್ಪು ಮಾಡಿದಾಗ ತನ್ನ ಮೇಲೆ ತಾನೇ ಸಿಡಿಮಿಡಿಗೊಳ್ಳುವುದೂ ಒಂದು ಬಗೆಯ ಗರ್ವವೆಂಬುದು ಅವರ ಅಭಿಪ್ರಾಯವಾಗಿತ್ತು.

ಮಹಾಸಭೆಯ ಬಳಿಕ ಲತೀನ್ ಭಾಷೆಯಲ್ಲಿದ್ದ ಬಲಿಪೂಜೆಯು ನಮ್ಮ ಕನ್ನಡಕ್ಕೂ ಬಂತು. ಮನೆಯಲ್ಲಿ ಕೊಂಕಣಿ, ತಮಿಳು, ತೆಲುಗು ಮಾತನಾಡುವ ಅದೆಷ್ಟೋ ಕುಟುಂಬಗಳು ಹುಬ್ಬಳ್ಳಿ-ಧಾರವಾಡದಲ್ಲಿ ಇಂದು ಕನ್ನಡದಲ್ಲಿಯೇ ದೇವರನ್ನು ಪ್ರಾರ್ಥಿಸುತ್ತಿವೆ. ಅವರ ನಾಲಿಗೆ ಎಲ್ಲೋ ಒಂದೆಡೆ ತೊಡರಿದರೆ ಅದರಿಂದ ಪ್ರಾರ್ಥನೆಯ ಬೆಲೆ ಕುಗ್ಗುವುದಿಲ್ಲ. ಆದುದರಿಂದ ಯುವಕರು ಧೈರ್ಯದಿಂದ ವಾಚನಪೀಠಕ್ಕೆ ಬರಲಿ. ಮುಂದಿನ ವಾರ ಇನ್ನೂ ಚೆನ್ನಾಗಿ ಓದಲೆಂದು ಮನೆಯಲ್ಲಿ ಅಭ್ಯಾಸವನ್ನೂ ಮಾಡಲಿ. ತಾಯಂದಿರು ತಮಗೆ ದೊರೆತ ಕಂಠದಿಂದಲೇ ಹಾಡಲಿ. ತಂದೆಯರು ಮಕ್ಕಳ ಐದು ಅಂಕದ ಕೊರತೆಯನ್ನು ಕೇಳುವ ಮುನ್ನ ತೊಂಬತ್ತೈದರ ಶ್ರಮವನ್ನು ಮೆಚ್ಚಲಿ. ಪಾಪಕ್ಷಮೆ ಪಡೆದವರು ದೇವರ ಕರುಣೆಯನ್ನು ನಂಬಿ ಮನೆಗೆ ಹೋಗಿ ನಿದ್ರಿಸಲಿ.

ನೂರು ವರ್ಷಗಳ ಹಿಂದೆ ದೇವಾಲಯಕ್ಕೆ ಅಡಿಗಲ್ಲು ಇಟ್ಟವರು ಎಲ್ಲವನ್ನೂ ತಾವೇ ಮುಗಿಸಿ ಹೋಗಲಿಲ್ಲ. ಅವರು ಬಿಟ್ಟುಹೋದುದನ್ನು ತುಂಬುವ ಭಾಗ್ಯ ನಮಗೆ ಬಂದಿದೆ. ನಾವು ಬಿಟ್ಟುಹೋಗುವುದನ್ನು ನಮ್ಮ ಮಕ್ಕಳು ತುಂಬುವರು. ನಮ್ಮ ಕೈಲಾದಷ್ಟನ್ನು ಮನಃಪೂರ್ವಕವಾಗಿ ದುಡಿದು, ಉಳಿದುದನ್ನು ಪ್ರಭುವಿನ ಕೈಗೊಪ್ಪಿಸುವ ವಿನಯವನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ.