ಬೆಂಕಿಪೆಟ್ಟಿಗೆಯಷ್ಟು ಮನೆ, ಬೆಟ್ಟದಷ್ಟು ದೈತ್ಯ: ಗಾಡ್ಜಿಲ್ಲಾಗೆ ಜೀವ ಕೊಟ್ಟ ತ್ಸುಬುರಾಯಾ

ಜಪಾನಿನ ಚಿಬಾ ಪ್ರಾಂತ್ಯದ ಮಕುಹರಿ ಮೆಸ್ಸೆ ಸಭಾಂಗಣದಲ್ಲಿ ವರ್ಷಕ್ಕೆರಡು ಬಾರಿ 'ವಂಡರ್ ಫೆಸ್ಟಿವಲ್' ನಡೆಯುತ್ತದೆ. ಹವ್ಯಾಸಿ ಶಿಲ್ಪಿಗಳು ರಾಳದಲ್ಲಿ ಅಚ್ಚು ಹಾಕಿದ ದೈತ್ಯಜೀವಿಗಳ ಬಿಡಿಭಾಗಗಳನ್ನು ಅಲ್ಲಿ ಮಾರುತ್ತಾರೆ. ಕೊಂಡವರು ಮನೆಯಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಬಳಿದು ಪೂರ್ಣಗೊಳಿಸಬೇಕು. ಹಕ್ಕುಸ್ವಾಮ್ಯ ಹೊಂದಿದ ಸಂಸ್ಥೆಗಳು ಹವ್ಯಾಸಿಗಳಿಗೆ ಆ ಒಂದು ದಿನದ ಮಟ್ಟಿಗೆ ಮಾರಾಟದ ಅನುಮತಿ ನೀಡುವುದು ಈ ಮೇಳದ ವಿಶೇಷ. 1980ರ ದಶಕದಲ್ಲಿ ಆರಂಭವಾದ ಈ ಸಂಭ್ರಮದ ಬೇರು ಹುಡುಕಿ ಹೊರಟರೆ ಸಿಗುವ ಹೆಸರು ಏಜಿ ತ್ಸುಬುರಾಯಾ.

1901ರ ಜುಲೈನಲ್ಲಿ ಫುಕುಶಿಮಾ ಪ್ರಾಂತ್ಯದ ಸುಕಗಾವಾದಲ್ಲಿ ಜನಿಸಿದ ತ್ಸುಬುರಾಯಾ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಬಾಲಕನ ಮನಸ್ಸೆಲ್ಲ ವಿಮಾನಗಳ ಮೇಲೆ. ಮಾದರಿ ವಿಮಾನಗಳನ್ನು ತಾನೇ ಕಟ್ಟುತ್ತಿದ್ದ ಆತ 1916ರಲ್ಲಿ ಹನೇಡಾದ ವಿಮಾನ ಶಾಲೆ ಸೇರಿದ. ಮರುವರ್ಷವೇ ಬೋಧಕರು ಅಪಘಾತಕ್ಕೆ ಬಲಿಯಾಗಿ ಶಾಲೆ ಮುಚ್ಚಿತು. ಹಾರುವ ಕನಸು ಅಲ್ಲಿಗೇ ಮುರಿಯಿತು. ವಿದ್ಯುತ್ ತಂತ್ರಜ್ಞಾನ ಕಲಿಯುತ್ತ, ಆಟಿಕೆ ಕಾರ್ಖಾನೆಯಲ್ಲಿ ದುಡಿಯುತ್ತ ದಿನ ಕಳೆದ ಯುವಕ 1919ರಲ್ಲಿ ಚಿತ್ರರಂಗ ಪ್ರವೇಶಿಸಿ ಛಾಯಾಗ್ರಾಹಕನಾದ.

1933ರ ಅಮೆರಿಕದ 'ಕಿಂಗ್ ಕಾಂಗ್' ಚಿತ್ರ ತ್ಸುಬುರಾಯಾ ಅವರ ದಿಕ್ಕನ್ನೇ ಬದಲಿಸಿತು. ಅದರ ಪ್ರತಿಯನ್ನು ಸಂಪಾದಿಸಿ ಚೌಕಟ್ಟು ಚೌಕಟ್ಟಾಗಿ ಅಭ್ಯಸಿಸಿದರು. ಆದರೆ ಆ ವಿದ್ಯೆ ಮೊದಲು ಬಳಕೆಯಾದದ್ದು ಯುದ್ಧಪ್ರಚಾರಕ್ಕೆ. 1942ರ ಚಿತ್ರವೊಂದಕ್ಕಾಗಿ ಅವರು ಪರ್ಲ್ ಹಾರ್ಬರ್ ದಾಳಿಯನ್ನು ಪುಟ್ಟ ಮಾದರಿಗಳಲ್ಲಿ ಮರುಸೃಷ್ಟಿಸಿದರು. ಅದಕ್ಕೆ ಬೆಲೆ ತೆರಬೇಕಾಯಿತು. ಯುದ್ಧಾನಂತರ, 1948ರಲ್ಲಿ, ಇಂತಹ ಚಿತ್ರಗಳ ಕಾರಣಕ್ಕೆ ತೋಹೋ ಸಂಸ್ಥೆಯಿಂದ ಹೊರಬಿದ್ದರು. ಮರಳಿ ಬರಲು 1950ರ ದಶಕದವರೆಗೆ ಕಾಯಬೇಕಾಯಿತು.

1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಧೂಳು ಜಪಾನಿನ ಮೀನುಗಾರಿಕಾ ದೋಣಿಯೊಂದರ 23 ಮಂದಿಯ ಮೇಲೆ ಸುರಿಯಿತು. ಆ ಭೀತಿಯ ನಡುವೆಯೇ ನಿರ್ಮಾಪಕ ತೊಮೊಯುಕಿ ತನಾಕಾ ದೈತ್ಯನ ಕಥೆ ಕೈಗೆತ್ತಿಕೊಂಡರು. ನಿರ್ದೇಶನ ಇಶಿರೋ ಹೋಂಡಾ ಅವರದು, ವಿಶೇಷ ದೃಶ್ಯಗಳ ಹೊಣೆ ತ್ಸುಬುರಾಯಾ ಅವರದು.

ಕಿಂಗ್ ಕಾಂಗ್‌ನಂತೆ ಗೊಂಬೆಯನ್ನು ಇಂಚಿಂಚಾಗಿ ಸರಿಸಿ ಚಿತ್ರಿಸಲು ಸಮಯವಾಗಲೀ ಹಣವಾಗಲೀ ಇರಲಿಲ್ಲ. ಹೀಗಾಗಿ ಮನುಷ್ಯನಿಗೇ ರಬ್ಬರಿನ ವೇಷ ತೊಡಿಸಿದರು. ಮೊದಲ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ಒಳಗಿದ್ದ ನಟ ಹರುವೊ ನಕಾಜಿಮಾ ಹೆಜ್ಜೆ ಇಡಲೂ ಪರದಾಡಿದರು. 50 ಮೀಟರ್ ಎತ್ತರದ ದೈತ್ಯನಿಗೆ ಹೊಂದುವಂತೆ ಟೋಕಿಯೋ ನಗರವನ್ನು 25ನೇ ಒಂದು ಅಳತೆಯಲ್ಲಿ ಕಟ್ಟಲಾಯಿತು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೆರೆಯ ಮೇಲೆ ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಪುಟ್ಟ ಕಟ್ಟಡಗಳು ನಿಜವಾದ ಭಾರದಿಂದ ಕುಸಿದಂತೆ ಕಂಡವು. ನವೆಂಬರ್ 3ರಂದು ತೆರೆಕಂಡ ಚಿತ್ರಕ್ಕೆ ಜನ ಮುಗಿಬಿದ್ದರು. ಬಾಂಬಿನ ಬೆಂಕಿಯಲ್ಲಿ ಬೆಂದ ನಗರ ಒಂಬತ್ತೇ ವರ್ಷಗಳಲ್ಲಿ ಮತ್ತೊಮ್ಮೆ ಬೇಯುವುದನ್ನು ಅವರು ಕಂಡರು.

1963ರಲ್ಲಿ ಸ್ವಂತ ಸಂಸ್ಥೆ ಸ್ಥಾಪಿಸಿದ ತ್ಸುಬುರಾಯಾ 1966ರಲ್ಲಿ ಕಿರುತೆರೆಗೆ 'ಅಲ್ಟ್ರಾಮ್ಯಾನ್' ನೀಡಿದರು. ದೈತ್ಯರು ಮಕ್ಕಳ ಮನೆ ಹೊಕ್ಕರು. ಅಷ್ಟರಲ್ಲಾಗಲೇ ಅಮೆರಿಕದ ಅರೋರಾ ಕಂಪನಿ 1964ರಲ್ಲಿ ಗಾಡ್ಜಿಲ್ಲಾದ ಜೋಡಣಾ ಕಿಟ್ ಮಾರುಕಟ್ಟೆಗೆ ತಂದಿತ್ತು. ಆ ಪೀಳಿಗೆಯ ಮಕ್ಕಳೇ ಬೆಳೆದು ಮುಂದೆ ಮಾದರಿ ಮೇಳಗಳನ್ನು ಕಟ್ಟಿದರು.

1970ರ ಜನವರಿ 25ರಂದು, 68ರ ಪ್ರಾಯದಲ್ಲಿ, ತ್ಸುಬುರಾಯಾ ಹೃದಯಾಘಾತದಿಂದ ನಿಧನರಾದರು. ಹುಟ್ಟೂರು ಸುಕಗಾವಾದ ಬೀದಿಗಳಲ್ಲಿ ಇಂದು ಅವರ ದೈತ್ಯರ ಪ್ರತಿಮೆಗಳು ನಿಂತಿವೆ. 2019ರಲ್ಲಿ ಅಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೂ ತೆರೆಯಿತು. ಮಾದರಿ ವಿಮಾನ ಕಟ್ಟುತ್ತಿದ್ದ ಹುಡುಗನ ಊರಿಗೆ ಈಗ ಮಾದರಿ ಕಟ್ಟುವ ಮಂದಿ ಯಾತ್ರೆ ಬರುತ್ತಾರೆ.