ಅಂಗಸೌಷ್ಠವದ ಆಚಾರ್ಯ ಕೆ. ವಿ. ಅಯ್ಯರ್

ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ಹೊತ್ತು ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಕುಳಿತು ಕಿವಿಗೊಟ್ಟರೆ, ಕೆಲಸ, ಸಂಬಳ, ಸಿನಿಮಾಗಳ ತರುವಾಯ ಬರುವ ಮಾತು ಮೈಯದು. ಒಬ್ಬನು ತಾನು ಕಡ್ಡಿಯಂತಿದ್ದೇನೆಂದು ಕೊರಗುತ್ತಾನೆ; ಇನ್ನೊಬ್ಬನು ಹೊಟ್ಟೆ ಬಂದಿತೆಂದು ನಾಚುತ್ತಾನೆ. ನಮ್ಮ ಸಹಪಾಠಿನಿಯರಲ್ಲಿ ಕೆಲವರು ದಪ್ಪಗಾದೇವೆಂಬ ಭಯದಿಂದ ಮಧ್ಯಾಹ್ನದ ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಡುತ್ತಾರೆ. ಎಷ್ಟು ತೂಕವಿದ್ದರೆ ಸರಿ, ಎಂಥ ಮೈಕಟ್ಟು ಆರೋಗ್ಯದ್ದು ಎಂದು ಕೇಳಿದರೆ, ಬಹುಪಾಲು ಜನ ಸಿನಿಮಾ ನಟರ ಚಿತ್ರವನ್ನು ತೋರಿಸಿ ಸುಮ್ಮನಾಗುತ್ತಾರೆ. ಈ ಪ್ರಶ್ನೆಯನ್ನೇ ತಮ್ಮ ಜೀವನದ ಉದ್ಯೋಗವನ್ನಾಗಿ ಮಾಡಿಕೊಂಡಿದ್ದ ಒಬ್ಬ ಮಹನೀಯರು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಹುಟ್ಟಿದ್ದರು. ಅವರೇ ಪ್ರೊಫೆಸರ್ ಕೆ. ವಿ. ಅಯ್ಯರ್. ಕಾದಂಬರಿಕಾರರೆಂದು ಅವರನ್ನು ಬಲ್ಲವರು ಹಲವರಿದ್ದಾರೆ. ವ್ಯಾಯಾಮಾಚಾರ್ಯರೆಂದು ಬಲ್ಲವರು ಈಗ ವಿರಳ.

ಅಯ್ಯರ್ ಅವರು 1897ರಲ್ಲಿ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಜನಿಸಿದರು. ಅವರ ಹೆಸರಿನ ಮೊದಲಕ್ಷರವೇ ಕೋಲಾರದ್ದು. ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಅವರು ಐದು ವರ್ಷದ ಬಾಲಕರಾಗಿದ್ದಾಗ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುಬಂದಿತು. ಹೊಸ ಕಾಲವು ನಮ್ಮ ಸೀಮೆಯನ್ನು ಪ್ರವೇಶಿಸುತ್ತಿದ್ದ ದಿನಗಳವು. ಊರೂರಿನ ಗರಡಿಮನೆಗಳಲ್ಲಿ ಮಾತ್ರ ಹಳೆಯ ಪದ್ಧತಿಯೇ ನಡೆದಿದ್ದಿತು. ಕೆಮ್ಮಣ್ಣಿನ ಅಖಾಡ, ದಂಡೆ, ಬಸ್ಕಿ, ಗದೆ, ಲೋಡು, ಕೊನೆಗೆ ಕುಸ್ತಿ. ಅಲ್ಲಿ ಮೈ ಬೆಳೆಸುವುದು ಎದುರಾಳಿಯನ್ನು ಕೆಡಹುವುದಕ್ಕಾಗಿ. ಪೈಲ್ವಾನನಿಗೆ ಭಾರವೇ ಒಂದು ಬಲ. ಹೊಟ್ಟೆ ಮುಂದಕ್ಕೆ ಬಂದಿದ್ದರೂ ಅದು ಕುಂದೆನಿಸುತ್ತಿರಲಿಲ್ಲ.

ಇದೇ ಕಾಲದಲ್ಲಿ ಯೂರೋಪಿನಿಂದ ಬೇರೊಂದು ಗಾಳಿ ಬೀಸಿತು. ಯೂಜೆನ್ ಸ್ಯಾಂಡೋ ಎಂಬ ಪ್ರಖ್ಯಾತ ಬಲಶಾಲಿಯು 1901ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೈಕಟ್ಟಿನ ದೊಡ್ಡ ಸ್ಪರ್ಧೆಯೊಂದನ್ನು ಏರ್ಪಡಿಸಿದನು. ಷೆರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಅದರ ತೀರ್ಪುಗಾರರಲ್ಲಿ ಒಬ್ಬರು. ಅತ್ಯಂತ ದಪ್ಪನಾದ ತೋಳುಳ್ಳವನಿಗೆ ಬಹುಮಾನವೆಂಬುದು ಅಲ್ಲಿನ ನಿಯಮವಾಗಿರಲಿಲ್ಲ. ಅಂಗಾಂಗಗಳು ಒಂದಕ್ಕೊಂದು ಹೊಂದಿಕೊಂಡು ಬೆಳೆದಿವೆಯೆ, ಮಾಂಸಖಂಡಗಳು ಗಟ್ಟಿಯಾಗಿವೆಯೆ, ಚರ್ಮಕ್ಕೆ ಕಾಂತಿಯಿದೆಯೆ, ಒಟ್ಟಿನಲ್ಲಿ ಮನುಷ್ಯ ಆರೋಗ್ಯವಾಗಿದ್ದಾನೆಯೆ ಎಂಬುದನ್ನು ಸೇರಿಸಿ ನೋಡಬೇಕೆಂದು ಸ್ಯಾಂಡೋ ವಿಧಿಸಿದ್ದನು. 1904-05ರಲ್ಲಿ ಅವನು ಭಾರತದಲ್ಲಿಯೂ ಪ್ರವಾಸ ಮಾಡಿದನು. ದೇಹವು ಹೋರಾಟದ ಸಾಧನ ಮಾತ್ರವಲ್ಲ, ಶಿಲ್ಪಿಯ ಕೃತಿಯಂತೆ ರೂಪಿಸಬಹುದಾದ ವಸ್ತು ಎಂಬ ಭಾವನೆ ನಮ್ಮ ವಿದ್ಯಾವಂತ ತರುಣರಲ್ಲಿಯೂ ಹಬ್ಬಿತು. ಅಯ್ಯರ್ ಅವರು ಬೆಳೆದದ್ದು ಈ ವಾತಾವರಣದಲ್ಲಿ.

1922ರಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನ್ಯಾಸಿಯಂ ಎಂಬ ವ್ಯಾಯಾಮ ಶಾಲೆಯನ್ನು ತೆರೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಶಾಲೆಗೆ ಮೊದಲ ಜಾಹೀರಾತು ಅವರ ದೇಹವೇ. ಗ್ರೀಕ್ ಶಿಲಾಪ್ರತಿಮೆಗಳ ಭಂಗಿಯಲ್ಲಿ ಅವರು ತೆಗೆಸಿಕೊಂಡ ಛಾಯಾಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು. ತಮ್ಮ ಮೈಕಟ್ಟಿನ ವಿಚಾರದಲ್ಲಿ ಅವರಿಗೆ ಅಪಾರ ಹೆಮ್ಮೆಯಿದ್ದಿತು; ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ. ಆದರೆ ಆ ಹೆಮ್ಮೆ ಅವರೊಬ್ಬರಲ್ಲಿಯೇ ನಿಲ್ಲದೆ, ಇತರರ ದೇಹವನ್ನೂ ಹಾಗೆಯೇ ತಿದ್ದಬಲ್ಲೆನೆಂಬ ವಿಶ್ವಾಸವಾಗಿ ಬೆಳೆದುದರಿಂದಲೇ ಅವರು ಆಚಾರ್ಯರಾದರು.

ಅವರು ಸೇರಿದ ಪರಂಪರೆಯವರು ದೇಹವನ್ನು ನೋಡುತ್ತಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ತಕ್ಕಡಿಯು ಮೂಳೆ, ಮಾಂಸ, ನೀರು, ಕೊಬ್ಬು ಎಲ್ಲವನ್ನೂ ಕಲೆಸಿ ಒಂದೇ ಅಂಕಿಯನ್ನು ಕೊಡುತ್ತದೆ. ಒಂದೇ ತೂಕದ ಇಬ್ಬರಲ್ಲಿ ಒಬ್ಬನು ಬಲಿಷ್ಠನಾಗಿರಬಹುದು, ಇನ್ನೊಬ್ಬನು ಬರಿಯ ಬೊಜ್ಜಿನವನಾಗಿರಬಹುದು. ಆದುದರಿಂದ ಅವರು ಅಳತೆಪಟ್ಟಿಯನ್ನೂ ಕನ್ನಡಿಯನ್ನೂ ಹೆಚ್ಚು ನಂಬಿದರು. ಕುತ್ತಿಗೆ, ತೋಳು, ಎದೆ, ಸೊಂಟ, ತೊಡೆ, ಮೀನಖಂಡ ಇವುಗಳ ಸುತ್ತಳತೆಯನ್ನು ಬೇರೆಬೇರೆಯಾಗಿ ಬರೆದುಕೊಂಡು ಹೋಲಿಸುತ್ತಿದ್ದರು. ಕುತ್ತಿಗೆ, ಮಡಿಸಿದ ತೋಳು, ಮೀನಖಂಡ ಈ ಮೂರೂ ಸಮನಾಗಿರುವುದು ಸೌಷ್ಠವದ ಲಕ್ಷಣವೆಂಬುದು ಅವರ ಲೆಕ್ಕ. ದೇಹವನ್ನು ಒಟ್ಟು ಭಾರವಾಗಿ ಎಣಿಸದೆ, ಭಾಗಭಾಗಗಳ ಹೊಂದಿಕೆಯಾಗಿ ಕಂಡದ್ದು ಈ ಪದ್ಧತಿಯ ಗುಣ.

ಅಯ್ಯರ್ ಅವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಹೊರಗಿನ ಮಾಂಸಖಂಡ ಎಷ್ಟೇ ಚೆಂದವಾಗಿದ್ದರೂ ಒಳಗಿನ ಜೀರ್ಣಾಂಗ, ಹೃದಯ, ಶ್ವಾಸಕೋಶಗಳು ಕೆಟ್ಟಿದ್ದರೆ ಅದರಿಂದ ಪ್ರಯೋಜನವೇನು ಎಂಬ ಯೋಚನೆ ಅವರನ್ನು ಹಠಯೋಗದ ಕಡೆಗೆ ತಿರುಗಿಸಿತು. ಯೋಗಾಭ್ಯಾಸಿಗಳಾದ ಸುಂದರಂ ಅವರೊಡನೆ ಕೂಡಿ ಪ್ರಚಾರ ಮಾಡಿದರು. ಔಂಧ್ ಸಂಸ್ಥಾನದ ರಾಜರು ಪ್ರಚಾರಕ್ಕೆ ತಂದಿದ್ದ ಸೂರ್ಯನಮಸ್ಕಾರವನ್ನು ತಮ್ಮ ಪಾಠಕ್ರಮದಲ್ಲಿ ಸೇರಿಸಿಕೊಂಡರು. ಭಾರವೆತ್ತುವ ಕಬ್ಬಿಣದ ಸಲಾಕೆಯೂ ಯೋಗಾಸನದ ಚಾಪೆಯೂ ಒಂದೇ ಕೋಣೆಯಲ್ಲಿ ಇರಬಹುದೆಂದು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರ ಸಾಲಿನವರು. 1930ರಲ್ಲಿ ಮಸಲ್ ಕಲ್ಟ್, 1936ರಲ್ಲಿ ಪರ್ಫೆಕ್ಟ್ ಫಿಸೀಕ್, 1937ರಲ್ಲಿ ಸೂರ್ಯನಮಸ್ಕಾರ್ ಎಂಬ ಅವರ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಬೆಂಗಳೂರಿಗೆ ಬರಲಾಗದವರಿಗೆ ಅವರು ಅಂಚೆಯ ಮೂಲಕವೂ ಪಾಠ ಹೇಳಿದರು.

ಅವರ ಖ್ಯಾತಿಯನ್ನು ಹೆಚ್ಚಿಸಿದ ಸಂಗತಿ ಮೈಸೂರು ಅರಮನೆಯ ಸಂಬಂಧ. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ವಸ್ಥರಾಗಿದ್ದಾಗ ಅಯ್ಯರ್ ಅವರು ಅಂಗಮರ್ದನ ಮತ್ತು ವ್ಯಾಯಾಮಗಳಿಂದ ಅವರಿಗೆ ಚಿಕಿತ್ಸೆ ನಡೆಸಿದರು. ಜಗನ್ಮೋಹನ ಅರಮನೆಯಲ್ಲಿ ಅವರ ವ್ಯಾಯಾಮ ಶಾಲೆಯ ಶಾಖೆಯೊಂದು ಏರ್ಪಟ್ಟಿತು. ಶಿಷ್ಯರಾದ ಅನಂತರಾಯರು ಅದನ್ನು ನಡೆಸಿದರು. ಅದೇ ಆವರಣದಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆಯೂ ಇದ್ದಿತು. ಮುಂದೆ ಲೋಕಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಕೃಷ್ಣಮಾಚಾರ್ಯರ ಶಿಷ್ಯರು. ರೋಗಿಯ ಮೈಯನ್ನು ಪ್ರದರ್ಶನಕ್ಕೆ ಸಿದ್ಧಗೊಳಿಸುವ ಮಾತಿಲ್ಲ. ಅವನು ಎದ್ದು ನಡೆಯಬೇಕು, ಉಂಡದ್ದು ಅರಗಬೇಕು, ನಿದ್ರೆ ಬರಬೇಕು. ಮೈಯ ಗುರಿ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ಇಂಥ ಚಿಕಿತ್ಸೆಯೇ ಗುರುವಿಗೆ ಕಲಿಸುತ್ತದೆ.

1940ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ನೆಲೆಗೊಂಡಿತು. ಅದು ದೇಹಸಾಧನೆಯ ಸ್ಥಳವಾಗಿದ್ದಂತೆಯೇ ಕಲಾವಿದರ ಕೂಟವೂ ಆಯಿತು. ಕನ್ನಡ ನಾಟಕಕ್ಕೆ ಹೊಸ ಹುಟ್ಟು ಕೊಟ್ಟ ಟಿ. ಪಿ. ಕೈಲಾಸಂ ಅವರು ಅಯ್ಯರ್ ಅವರ ಪರಮಮಿತ್ರರು. ರವಿ ಕಲಾವಿದರು ಎಂಬ ತಂಡವನ್ನು ಕಟ್ಟಿ ಅಯ್ಯರ್ ಅವರು ನಾಟಕಗಳನ್ನಾಡಿಸಿದರು. ಕೈಲಾಸಂ ಅವರು 1946ರಲ್ಲಿ ತೀರಿಕೊಂಡ ತರುವಾಯ ಅವರ ಸ್ಮರಣೆಯ ಗ್ರಂಥವನ್ನು ಬರೆದರು. ಹೊಯ್ಸಳ ರಾಣಿಯನ್ನು ಕುರಿತ ಶಾಂತಲಾ ಕಾದಂಬರಿ ಮನೆಮನೆಯಲ್ಲಿ ಓದಿಸಿಕೊಂಡಿತು. ರೂಪದರ್ಶಿ ಎಂಬ ಇನ್ನೊಂದು ಕಾದಂಬರಿಯಂತೂ ನಮ್ಮ ಪ್ರಸ್ತುತ ವಿಷಯಕ್ಕೆ ಬಹು ಸಮೀಪವಾದದ್ದು. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಮುಗ್ಧ ಬಾಲಕನೇ, ವರ್ಷಗಳು ಕಳೆದ ಬಳಿಕ, ದ್ರೋಹಿಯಾದ ಯೂದನ ಚಿತ್ರಕ್ಕೆ ಮಾದರಿಯಾಗಿ ಚಿತ್ರಕಾರನೆದುರು ಬಂದು ನಿಲ್ಲುವ ಕಥೆಯದು. ಜೀವಮಾನವೆಲ್ಲ ರೂಪವನ್ನು ಅಳೆದವರು, ಬದುಕಿದ ಬಗೆಯೇ ಕೊನೆಗೆ ರೂಪವಾಗುತ್ತದೆಂದು ಕಾದಂಬರಿಯಲ್ಲಿ ಹೇಳಿದರು.

ಹಾಗಿದ್ದರೂ ಅವರ ಮಾರ್ಗದಲ್ಲಿ ಒಂದು ಅಪಾಯವಿಲ್ಲದಿಲ್ಲ. ಪರಿಪೂರ್ಣ ದೇಹವೆಂಬುದೊಂದಿದೆ, ಅದು ಗ್ರೀಕ್ ಪ್ರತಿಮೆಯಂತಿರುತ್ತದೆ ಎಂದು ಒಪ್ಪಿದೊಡನೆ, ಸಣ್ಣ ಮೂಳೆಯವನು, ಕುಳ್ಳನು, ಅಂಗವಿಕಲನು, ಮಕ್ಕಳನ್ನು ಹೆತ್ತ ತಾಯಿ ಇವರೆಲ್ಲರೂ ಕುಂದುಳ್ಳವರಾಗಿಬಿಡುತ್ತಾರೆ. ಆಗ ಪ್ರತಿಮೆಯು ವಹಿಸಿದ್ದ ಕೆಲಸವನ್ನು ಇಂದು ಸಿನಿಮಾ ಪರದೆ ವಹಿಸಿಕೊಂಡಿದೆ. ಆದುದರಿಂದ ಅಯ್ಯರ್ ಅವರ ಅಳತೆಪಟ್ಟಿಯ ಪಕ್ಕದಲ್ಲಿ ವೈದ್ಯಶಾಸ್ತ್ರದ ಮಾತನ್ನೂ ಇರಿಸಿಕೊಳ್ಳುವುದು ಯುಕ್ತ.

ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನು 1830ರ ದಶಕದಲ್ಲಿ, ವಯಸ್ಕರ ತೂಕವು ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದೆಂದು ಕಂಡುಕೊಂಡನು. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1972ರಲ್ಲಿ ಆ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟನು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯದು. ಭಾರತೀಯ ವಯಸ್ಕರಿಗೆ 18.5ರಿಂದ 23ರೊಳಗೆ ಇರುವುದು ಆರೋಗ್ಯಕರವೆಂದು ವೈದ್ಯರು ಹೇಳುತ್ತಾರೆ. ಐದಡಿ ಆರಂಗುಲದ ವಿದ್ಯಾರ್ಥಿಗೆ ಇದು ಸುಮಾರು 52ರಿಂದ 64 ಕಿಲೋ ಆಗುತ್ತದೆ. ಅಂದರೆ ಸರಿಯಾದ ತೂಕವೆಂಬುದು ಒಂದೇ ಒಂದು ಅಂಕಿಯಲ್ಲ. ಹನ್ನೆರಡು ಕಿಲೋಗಳಷ್ಟು ವಿಶಾಲವಾದ ಬಯಲು.

ಈ ಲೆಕ್ಕವೂ ತಕ್ಕಡಿಯ ಮಗುವೇ ಆದುದರಿಂದ ಅದರ ಕುಂದು ಇದಕ್ಕೂ ತಪ್ಪಿದ್ದಲ್ಲ. ಮಾಂಸಖಂಡ ಬೆಳೆಸಿದ ವ್ಯಾಯಾಮಪಟುವನ್ನು ಇದು ಸ್ಥೂಲಕಾಯನೆಂದು ಕರೆದೀತು. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಪುಣೆಯ ವೈದ್ಯರಾದ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯರಾದ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಗಳನ್ನೇ ಪ್ರಕಟಿಸಿದರು. ಇಬ್ಬರಿಗೂ ಆ ಅಂಕಿ 22.3, ಆದರೆ ಇಂಗ್ಲಿಷ್ ವೈದ್ಯರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರಲ್ಲಿ ಶೇಕಡಾ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರಬಹುದು. ನಮ್ಮಲ್ಲಿ ಸಿಹಿಮೂತ್ರ ರೋಗ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಆದುದರಿಂದಲೇ ಇಂದಿನ ವೈದ್ಯರೂ ಅಳತೆಪಟ್ಟಿಯನ್ನು ಕೈಗೆತ್ತಿಕೊಂಡಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮೀರಬಾರದೆಂಬುದು ಅವರ ಎಚ್ಚರಿಕೆ. ಅಯ್ಯರ್ ಅವರ ಕಾಲದ ಉಪಕರಣವೇ ಹೀಗೆ ಮರಳಿ ಬಂದಿತು.

ತೆಳ್ಳಗಾಗುವುದೆಲ್ಲವೂ ಆರೋಗ್ಯವಲ್ಲವೆಂಬುದನ್ನು ನಮ್ಮ ಚಿನ್ನದ ಗಣಿಯ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲಿನ ದೂಳು ಶ್ವಾಸಕೋಶವನ್ನು ಸೇರಿ, ಉಕ್ಕಿನಂತಿದ್ದ ಗಣಿ ಕಾರ್ಮಿಕರು ಉಬ್ಬಸದಿಂದ ಬಳಲಿ ಸವೆದುಹೋದುದನ್ನು ನಮ್ಮ ಅಜ್ಜಂದಿರ ತಲೆಮಾರು ಕಣ್ಣಾರೆ ಕಂಡಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು; ಆ ನೆನಪು ಇನ್ನೂ ಮನೆಗಳಲ್ಲಿದೆ. ಬಯಸದೆಯೇ ತೂಕ ಇಳಿಯತೊಡಗಿದರೆ ಸಂತೋಷಪಡದೆ ವೈದ್ಯರಲ್ಲಿಗೆ ಹೋಗಬೇಕು.

ಹಾಗಾದರೆ ಗುರಿಯನ್ನು ನಿರ್ಧರಿಸುವುದು ಹೇಗೆ? ಮೊದಲು ಎತ್ತರಕ್ಕೆ ತಕ್ಕ ಬಯಲನ್ನು ಲೆಕ್ಕ ಹಾಕಬೇಕು. ಅನಂತರ ಸೊಂಟವನ್ನು ಅಳೆಯಬೇಕು. ಆ ಬಯಲಿನೊಳಗೆ ಇದ್ದು, ಸೊಂಟವೂ ಮಿತಿಯಲ್ಲಿದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬರದಿದ್ದರೆ, ತೂಕದ ಚಿಂತೆಯನ್ನು ಬಿಟ್ಟು ವ್ಯಾಯಾಮದಲ್ಲಿ ತೊಡಗಬೇಕು. ಮಿತಿ ಮೀರಿದ್ದರೆ, ಒಮ್ಮೆಗೇ ಕಡೆಯ ಅಂಕಿಯನ್ನು ಬಯಸದೆ, ಇರುವ ತೂಕದಲ್ಲಿ ಶೇಕಡಾ 5ರಿಂದ 10ರಷ್ಟನ್ನು ಇಳಿಸುವುದೇ ಮೊದಲ ಗುರಿಯಾಗಲಿ. 80 ಕಿಲೋ ಇರುವವನಿಗೆ ಅದು 4ರಿಂದ 8 ಕಿಲೋ. ಇಷ್ಟರಿಂದಲೇ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಸುಧಾರಿಸುತ್ತವೆ. ವಾರಕ್ಕೆ ಅರ್ಧ ಕಿಲೋದಂತೆ ಇಳಿಸಿದರೆ ಸಾಕು. ತೂಕ ಕಡಿಮೆಯಿದ್ದವರು ಮುದ್ದೆ, ಅವರೆಕಾಳು, ಕಡಲೆಕಾಯಿ, ಮೊಟ್ಟೆಗಳನ್ನು ಹೊಟ್ಟೆ ತುಂಬ ಉಂಡು ದಂಡೆ ಬಸ್ಕಿ ಹೊಡೆಯಲಿ. ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಡುವ ಸೋದರಿಯರು ಮೊದಲು ತಮ್ಮ ಎತ್ತರದ ಲೆಕ್ಕ ಮಾಡಿ ನೋಡಲಿ. ಅವರಲ್ಲಿ ಕೆಲವರಿಗಾದರೂ ಇಳಿಸಬೇಕಾದ ತೂಕವೇ ಇರಲಾರದು.

ಅಯ್ಯರ್ ಅವರು 1980ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ನಿಧನರಾದರು. ದೇವತೆಗಳ ಮೈಯನ್ನು ಹೋಲುವ ಮೈ ಎಲ್ಲರಿಗೂ ದೊರೆಯುವುದಿಲ್ಲ, ದೊರೆಯಬೇಕಾದುದೂ ಇಲ್ಲ. ಆದರೆ ದೇಹವನ್ನು ದೈವ ಕೊಟ್ಟದ್ದೆಂದು ಕೈಚೆಲ್ಲಿ ಕೂರದೆ, ಅಳೆದು, ಅರಿತು, ದಿನದಿನವೂ ತಿದ್ದಿಕೊಳ್ಳಬಹುದೆಂಬುದನ್ನು ನಮ್ಮ ಜಿಲ್ಲೆಯ ಈ ಹಿರಿಯರು ಬದುಕಿ ತೋರಿಸಿದರು. ಅವರ ಕಾದಂಬರಿಗಳನ್ನು ಓದುವ ನಾವು, ದಿನಕ್ಕೆ ಅರ್ಧ ಗಂಟೆ ಅವರ ಸೂರ್ಯನಮಸ್ಕಾರವನ್ನೂ ಮಾಡಿದರೆ, ಅವರನ್ನು ಪೂರ್ಣವಾಗಿ ಸ್ಮರಿಸಿದಂತಾಗುತ್ತದೆ.